ಬೆನ್ನ ಮೇಲಿನ ಒಂಬತ್ತು ಕಿಲೊ

ಕಲಬುರಗಿಯ ನೆಹರು ಗಂಜ್‌ನ ದಾಲ್ ಮಿಲ್ಲೊಂದರಲ್ಲಿ ನಾನು ಲೆಕ್ಕಪತ್ರ ಬರೆಯುತ್ತೇನೆ. ಡಿಸೆಂಬರ್‌ನಲ್ಲಿ ಹೊಸ ತೊಗರಿ ಬರಲು ಶುರುವಾದರೆ ಮಾರ್ಚ್‌ವರೆಗೆ ರಜೆಯ ಮಾತೆತ್ತುವಂತಿಲ್ಲ. ಕೈ ಬಿಡುವಾಗುವುದು ಏಪ್ರಿಲ್ ಕೊನೆಗೆ, ಆಮೇಲೆ ಅಕ್ಟೋಬರ್‌ನಲ್ಲಿ. ಹಿಮಾಲಯದಲ್ಲಿ ನಡೆಯಲು ತಕ್ಕ ಕಾಲವೂ ಅವೇ ಎರಡು: ಮಳೆಗಾಲಕ್ಕೆ ಮುಂಚೆ ಒಂದು, ಮಳೆ ನಿಂತ ಮೇಲೆ ಇನ್ನೊಂದು. ಹೀಗೆ ನಾನೂ ನಮ್ಮ ವೈನಿಯೂ (ಅತ್ತಿಗೆ) ಬೆನ್ನಿಗೆ ಚೀಲ ಹಾಕಿಕೊಂಡು ಹೊರಡುವ ರೂಢಿ ಬೆಳೆಯಿತು. ಬಯಲು ಸೀಮೆಯವರಿಗೆ, ಅದರಲ್ಲೂ ಹೆಂಗಸರಿಗೆ, ವಾರಗಟ್ಟಲೆ ಬೆಟ್ಟದ ಹಾದಿ ಆಗುತ್ತದೆಯೇ ಎಂದು ಮಿಲ್ಲಿನಲ್ಲೂ ಓಣಿಯಲ್ಲೂ ಕೇಳುತ್ತಾರೆ. ಖಂಡಿತ ಆಗುತ್ತದೆ. ತಯಾರಿಯನ್ನು ಮಾತ್ರ ತಕ್ಕಡಿಯಿಂದ ಶುರು ಮಾಡಿ.

ಒಂದು ದಿನದ ಚಾರಣದಲ್ಲಿ ಚೀಲ ಎರಡು ಕಿಲೊ ಹೆಚ್ಚಾದರೂ ನಡೆದೀತು. ಆರೇಳು ದಿನದ ನಡಿಗೆಯಲ್ಲಿ ಅದೇ ಎರಡು ಕಿಲೊ ಮೂರನೆಯ ದಿನದ ಇಳಿಜಾರಿನಲ್ಲಿ ಮೊಣಕಾಲು ಹಿಡಿಯುತ್ತದೆ. ನಿಮ್ಮ ಮೈತೂಕದ ಐದನೆಯ ಒಂದು ಭಾಗ ಮೇಲಿನ ಮಿತಿ ಎಂದಿಟ್ಟುಕೊಳ್ಳಿ. ಐವತ್ತೈದು ಕಿಲೊ ಇರುವವರಿಗೆ ಅದು ಹನ್ನೊಂದು ಕಿಲೊ. ರಾತ್ರಿ ಛಾವಣಿಯಡಿ ಮಲಗುವ ಹಾದಿಯಾದರೆ ನೀರು, ಬುತ್ತಿ ಎಲ್ಲ ಸೇರಿ ಒಂಬತ್ತಕ್ಕೆ ನಿಲ್ಲಿಸುವುದು ನನ್ನ ಪದ್ಧತಿ. ಅಡುಗೆಮನೆಯ ತಕ್ಕಡಿಯ ಮೇಲೆ ಒಂದೊಂದೇ ವಸ್ತು ಇಟ್ಟು ನೋಟ್‌ಬುಕ್ಕಿನಲ್ಲಿ ಗ್ರಾಂ ಬರೆಯಿರಿ. ಖಾಲಿ ಚೀಲ ಒಂದೂವರೆ ಕಿಲೊ, ಮಲಗುವ ಚೀಲ ಒಂದು ಕಾಲು ಕಿಲೊ, ಗರಿ ತುಂಬಿದ ಜಾಕೆಟ್ ನಾನೂರು ಗ್ರಾಂ ಎಂದು ಬರೆದಿಡುತ್ತ ಹೋದರೆ ಭಾರ ಎಲ್ಲಿ ಅಡಗಿದೆ ಎಂಬುದು ಕಣ್ಣಿಗೆ ಕಾಣುತ್ತದೆ. ಸೊಲ್ಲಾಪುರದ ಚಾದರ ಎಷ್ಟೇ ಪ್ರೀತಿಯದಾಗಿದ್ದರೂ ಮನೆಯಲ್ಲೇ ಇರಲಿ. ಮೂರನೆಯ ಜೊತೆ ಬಟ್ಟೆ, ಎರಡನೆಯ ಚಪ್ಪಲಿ, ದೊಡ್ಡ ಎಣ್ಣೆ ಬಾಟಲಿ ಕೂಡ ಬೇಡ.

ಚೀಲ ನಲವತ್ತೈದರಿಂದ ಐವತ್ತು ಲೀಟರಿನದು ಸಾಕು. ಕೊಳ್ಳುವಾಗ ಬಣ್ಣಕ್ಕಿಂತ ಮೊದಲು ಸೊಂಟದ ಪಟ್ಟಿಯನ್ನು ನೋಡಿ. ಅದು ಹೊಟ್ಟೆಯ ಮೇಲೆ ಕೂರಬಾರದು, ಸೊಂಟದ ಎಲುಬಿನ ಮೇಲೆ ಕೂರಬೇಕು. ಭಾರದ ಬಹುಪಾಲು ಅಲ್ಲೇ ಇಳಿಯಬೇಕು. ಚೀಲದ ಅಳತೆಗೆ ನಿಮ್ಮ ಎತ್ತರ ಮುಖ್ಯವಲ್ಲ, ಕುತ್ತಿಗೆಯ ಬುಡದ ಉಬ್ಬಿದ ಎಲುಬಿನಿಂದ ಸೊಂಟದವರೆಗಿನ ಬೆನ್ನಿನ ಉದ್ದ ಮುಖ್ಯ. ಅಂಗಡಿಯಲ್ಲೇ ಏಳೆಂಟು ಕಿಲೊ ತುಂಬಿಸಿಕೊಂಡು ಕಾಲು ಗಂಟೆ ಓಡಾಡಿ ನೋಡಿ. ಹಾಗೆ ಮಾಡಲು ಬಿಡದ ಅಂಗಡಿಯಲ್ಲಿ ಕೊಳ್ಳಬೇಡಿ. ಭಾರದ ಸಾಮಾನು ಬೆನ್ನಿಗೆ ಹತ್ತಿರ, ನಡುಮಟ್ಟದಲ್ಲಿ ಇರಲಿ. ಮಳೆಗೆ ಹೊರಗಿನ ಕವಚವೊಂದನ್ನೇ ನಂಬದೆ ಒಳಗೊಂದು ದಪ್ಪ ಪ್ಲಾಸ್ಟಿಕ್ ಚೀಲ ಇಳಿಸಿ ಅದರಲ್ಲೇ ಎಲ್ಲ ತುಂಬಿ. ನಾನು ಬೇಳೆ ತುಂಬುವ ಮೂಟೆಯ ಒಳಚೀಲವನ್ನೇ ಬಳಸುತ್ತೇನೆ.

ಬಟ್ಟೆಯ ವಿಷಯದಲ್ಲಿ ನಮ್ಮ ಊರಿನ ಅಭ್ಯಾಸ ಬಿಡಬೇಕಾಗುತ್ತದೆ. ಹತ್ತಿ ಇಲ್ಲಿಯ ಬಿಸಿಲಿಗೆ ಸರಿ. ಮೂರು ಸಾವಿರ ಮೀಟರ್ ಎತ್ತರದ ಗಾಳಿಯಲ್ಲಿ ಬೆವರು ಕುಡಿದ ಹತ್ತಿ ಮೈಯ ಬಿಸಿಯನ್ನೇ ಎಳೆದುಕೊಳ್ಳುತ್ತದೆ. ಮೈಗೆ ತಾಗುವುದು ಉಣ್ಣೆಯದೋ ಪಾಲಿಯೆಸ್ಟರ್‌ನದೋ ಆಗಿರಲಿ, ಅದರ ಮೇಲೆ ಬೆಚ್ಚಗಿನದು, ಎಲ್ಲಕ್ಕಿಂತ ಹೊರಗೆ ಗಾಳಿ ಮಳೆ ತಡೆಯುವುದು. ನಡೆಯಲು ಒಂದು ಜೊತೆ, ಮಲಗಲು ಒಣಗಿದ ಒಂದು ಜೊತೆ. ಮಲಗುವ ಜೊತೆಯ ಕಾಲುಚೀಲವನ್ನು ಏನೇ ಆದರೂ ಹಗಲಿನಲ್ಲಿ ಹಾಕಬೇಡಿ.

ಇನ್ನು ಬುತ್ತಿ. ಈ ವಿಷಯದಲ್ಲಿ ನಮ್ಮ ಭಾಗದವರನ್ನು ಮೀರಿಸುವವರಿಲ್ಲ ಎಂದು ಹೆಮ್ಮೆಯಿಂದಲೇ ಹೇಳುತ್ತೇನೆ. ಖಡಕ್ ಜೋಳದ ರೊಟ್ಟಿಯಲ್ಲಿ ನೀರಿನಂಶ ಉಳಿದಿರುವುದಿಲ್ಲ; ಹಾಗಾಗಿ ವಾರಗಟ್ಟಲೆ ಕೆಡುವುದಿಲ್ಲ, ಹೊರಲೂ ಹಗುರ. ಊರಿನ ರೊಟ್ಟಿ ಕೇಂದ್ರದಲ್ಲಿ ಹೇಳಿ ಅಂಗೈಗಿಂತ ತುಸು ದೊಡ್ಡದಾಗಿ ಬಡಿಸಿಕೊಳ್ಳಿ. ದೊಡ್ಡ ರೊಟ್ಟಿ ಚೀಲದಲ್ಲಿ ನುಚ್ಚಾಗುತ್ತದೆ. ಹತ್ತು ಹತ್ತು ಜೋಡಿಸಿ ಕಾಗದ ಸುತ್ತಿ, ತೇವ ಒಳಹೋಗದಂತೆ ಕಟ್ಟಿ, ಬೆನ್ನಿಗೆ ತಾಗುವ ಬದಿಯಲ್ಲಿ ನೆಟ್ಟಗೆ ನಿಲ್ಲಿಸಿ. ಜೊತೆಗೆ ಶೇಂಗಾ ಹಿಂಡಿ, ಅಗಸಿ ಹಿಂಡಿ, ಅಂದರೆ ನಮ್ಮ ಕಡೆಯ ಚಟ್ನಿಪುಡಿ. ನೂರು ಗ್ರಾಂ ಶೇಂಗಾದಲ್ಲಿ ಐನೂರ ಐವತ್ತಕ್ಕೂ ಹೆಚ್ಚು ಕ್ಯಾಲೊರಿ ಇದೆ. ಹೊರುವ ಪ್ರತಿ ಗ್ರಾಂ ಲೆಕ್ಕ ಹಾಕುವವರಿಗೆ ಅದಕ್ಕಿಂತ ಒಳ್ಳೆಯ ಬುತ್ತಿ ಸಿಗುವುದು ಕಷ್ಟ. ಎತ್ತರಕ್ಕೆ ಹೋದಂತೆ ಹಸಿವು ಸಾಯುತ್ತದೆ, ಏನು ಕಂಡರೂ ಬೇಡ ಎನಿಸುತ್ತದೆ. ಆಗ ನಾಲಗೆಗೆ ಪರಿಚಿತವಾದ ರುಚಿಯೊಂದೇ ನಾಲ್ಕು ತುತ್ತು ಒಳಗಿಳಿಸುತ್ತದೆ. ಹಿಂಡಿ ಹೊರುವುದಕ್ಕೆ ಇದೇ ದೊಡ್ಡ ಕಾರಣ.

ಟೆಂಟು ಹೊತ್ತು ತಾವೇ ಅಡುಗೆ ಮಾಡಿಕೊಳ್ಳುವವರಿಗೆ ತೊಗರಿಯ ಊರಿನವಳಾಗಿಯೇ ಒಂದು ಮಾತು: ತೊಗರಿ ಬೇಳೆ ಬೇಡ. ನಾಲ್ಕು ಸಾವಿರ ಮೀಟರ್ ಎತ್ತರದಲ್ಲಿ ನೀರು ಸುಮಾರು 87 ಡಿಗ್ರಿಗೇ ಕುದಿಯುತ್ತದೆ, ಕುಕ್ಕರ್ ಇಲ್ಲದೆ ತೊಗರಿ ಮೆತ್ತಗಾಗುವುದಿಲ್ಲ, ಗ್ಯಾಸ್ ತೀರುತ್ತದೆ. ಮಸೂರ ಬೇಳೆ ಅಥವಾ ಒಡೆದ ಹೆಸರು ಬೇಳೆ ಒಯ್ಯಿರಿ, ಮಧ್ಯಾಹ್ನವೇ ನೆನೆಹಾಕಿ. ಗ್ಯಾಸ್ ಡಬ್ಬಿಯನ್ನು ರೈಲಿನಲ್ಲೂ ವಿಮಾನದಲ್ಲೂ ಒಯ್ಯುವಂತಿಲ್ಲ; ಮನಾಲಿ, ಕಠ್ಮಂಡುವಿನಂಥ ಊರಿಗೆ ತಲುಪಿದ ಮೇಲೆ ಕೊಳ್ಳಬೇಕು. ಕುಡಿಯುವ ನೀರನ್ನು ಎರಡು ಸಾವಿರ ಮೀಟರ್ ದಾಟಿದ ಮೇಲೆ ಮೂರು ನಿಮಿಷ ಮರಳಿಸಿ. ಫಿಲ್ಟರ್ ಇದ್ದರೆ ರಾತ್ರಿ ಅದನ್ನು ಮಲಗುವ ಚೀಲದೊಳಗೆ ಇಟ್ಟುಕೊಳ್ಳಿ, ಒಮ್ಮೆ ಹೆಪ್ಪುಗಟ್ಟಿದರೆ ಅದು ಮತ್ತೆ ನಂಬಿಕೆಗೆ ಯೋಗ್ಯವಲ್ಲ. ಮೊಬೈಲು, ಪವರ್ ಬ್ಯಾಂಕಿಗೂ ಅಲ್ಲೇ ಜಾಗ.

ಸಮತಟ್ಟಾದ ಊರಿನಲ್ಲಿ ಏರುವ ಅಭ್ಯಾಸ ಎಲ್ಲಿ ಮಾಡುವುದು? ನಾವು ಬೆಳಗಿನ ರೈಲು ಹಿಡಿದು ಯಾದಗಿರಿಗೆ ಹೋಗುತ್ತೇವೆ. ಅಲ್ಲಿಯ ಕೋಟೆಯ ಬೆಟ್ಟ ಊರೊಳಗೇ ಇದೆ, ಬಂಡೆಯೂ ಮೆಟ್ಟಿಲೂ ಎರಡೂ ಇವೆ. ಚೀಲದಲ್ಲಿ ಕಲ್ಲು ತುಂಬಬೇಡಿ, ನೀರಿನ ಬಾಟಲಿಗಳನ್ನು ತುಂಬಿ. ಹತ್ತಿದ ಮೇಲೆ ಕುಡಿದು ಉಳಿದ ನೀರನ್ನು ಅಲ್ಲಿಯ ಗಿಡದ ಬುಡಕ್ಕೆ ಹಾಕಿ, ಹಗುರಾಗಿ ಇಳಿಯಿರಿ. ಏರುವಾಗ ಭಾರ ಕಾಲಿಗೆ ಬಲ ಕೊಡುತ್ತದೆ, ಇಳಿಯುವಾಗ ಅದೇ ಭಾರ ಮೊಣಕಾಲನ್ನು ತಿನ್ನುತ್ತದೆ. ಅಲ್ಲಿ ಆಡುತ್ತಿದ್ದ ಹುಡುಗನೊಬ್ಬ, "ಅಕ್ಕಾ, ಹೊತ್ತು ತಂದ ನೀರನ್ನು ಯಾಕೆ ಚೆಲ್ಲುತ್ತೀರಿ?" ಎಂದು ಕೇಳಿದ್ದ. ಕಾರಣ ಹೇಳಿದ ಮೇಲೆ ಅವನೇ ಯಾವ ಗಿಡಕ್ಕೆ ಬೇಕು ಎಂದು ತೋರಿಸತೊಡಗಿದ. ಯಾದಗಿರಿಗೆ ಹೋಗಲಾಗದ ವಾರ ಮೂರು ಮಹಡಿಯ ಯಾವುದಾದರೂ ಕಟ್ಟಡದ ಮೆಟ್ಟಿಲು ಸಾಕು, ಮುಕ್ಕಾಲು ಗಂಟೆ ನಿಲ್ಲದೆ. ಹೊರಡುವ ಎರಡು ತಿಂಗಳ ಮೊದಲಿನಿಂದ ವಾರಕ್ಕೆ ನಾಲ್ಕು ದಿನವಾದರೂ ನಡೆಯಬೇಕು, ಕೊನೆಯ ತಿಂಗಳು ಪೂರ್ತಿ ಚೀಲದೊಂದಿಗೆ.

ಎರಡು ದಿನ ಬಿಡದೆ ನಡೆಯುವ ಒಂದು ಪರೀಕ್ಷೆಯನ್ನೂ ಇಟ್ಟುಕೊಳ್ಳಿ. ನಮಗೆ ಕಲಬುರಗಿಯಿಂದ ಗಾಣಗಾಪುರದ ಹಾದಿ ಅನುಕೂಲ. ಮೊದಲ ದಿನ ಅರ್ಧ ನಡೆದು ಪರಿಚಯದವರ ಮನೆಯಲ್ಲಿ ಮಲಗಿ, ಮರುದಿನ ದತ್ತನ ಗುಡಿ. ಎರಡನೆಯ ಬೆಳಿಗ್ಗೆ ಬೂಟು ಹಾಕುವಾಗ ಕಾಲು ಏನು ಹೇಳುತ್ತದೆ ಎಂಬುದೇ ಫಲಿತಾಂಶ. ಮಳೆಯಾದ ಮೇಲೆ ಹೊಲದ ಹಾದಿ ಹಿಡಿಯಬೇಡಿ, ಎರೆ ಮಣ್ಣು ಬೂಟಿಗೆ ಮೆತ್ತಿ ಹೆಜ್ಜೆ ಏಳುವುದಿಲ್ಲ. ಚಿಂಚೋಳಿಯ ಕಾಡು ನಡಿಗೆಗೆ ಚೆನ್ನ, ಆದರೆ ಅದು ವನ್ಯಜೀವಿ ಧಾಮ. ಅರಣ್ಯ ಇಲಾಖೆಯ ಅನುಮತಿ ಪಡೆದೇ ಹೋಗಬೇಕು, ಎಲ್ಲೆಂದರಲ್ಲಿ ಟೆಂಟು ಹೊಡೆಯುವಂತಿಲ್ಲ.

ಬೂಟು ಅರ್ಧ ಅಳತೆ ದೊಡ್ಡದಿರಲಿ, ಕಾಲುಗುರು ಹೊರಡುವ ಹಿಂದಿನ ದಿನ ಕತ್ತರಿಸಿ. ಉರಿ ಕಂಡ ಕ್ಷಣವೇ ನಿಂತು ಟೇಪು ಹಚ್ಚಿ. ಗುಳ್ಳೆ ಎದ್ದ ಮೇಲೆ ಹಚ್ಚಿದರೆ ಅದು ಬರೀ ಸಮಾಧಾನ.

ನಡಿಗೆಯ ಹೊತ್ತನ್ನು ಶ್ರೀಶೈಲದ ಪಾದಯಾತ್ರಿಗಳಿಂದ ಕಲಿಯಬೇಕು. ಯುಗಾದಿಗೆ ಮುಂಚಿನ ಆ ಬಿಸಿಲಿನಲ್ಲಿ ಅವರು ನಸುಕಿಗೇ ಹೊರಟು, ಹೊತ್ತು ನೆತ್ತಿಗೇರುವಷ್ಟರಲ್ಲಿ ನೆರಳು ಹಿಡಿಯುತ್ತಾರೆ. ಗಂಟು ಚಿಕ್ಕದು, ಹೆಜ್ಜೆ ಒಂದೇ ಸಮ. ಬೆಟ್ಟದಲ್ಲಿ ಕಾರಣ ಬೇರೆ, ಮಧ್ಯಾಹ್ನದ ಮೇಲೆ ಮೋಡ ಕಟ್ಟುತ್ತದೆ. ಆದರೆ ಪದ್ಧತಿ ಅದೇ: ಆರಕ್ಕೆ ಹೊರಟು ಎರಡರೊಳಗೆ ತಂಗುವ ಜಾಗ ಸೇರುವುದು.

ದೇಶದೊಳಗಿನ ಮೊದಲ ಹಾದಿಯಾಗಿ ನಾನು ಸಂದಕ್‌ಫು ಎನ್ನುತ್ತೇನೆ. ಪಶ್ಚಿಮ ಬಂಗಾಳ ಮತ್ತು ನೇಪಾಳದ ಗಡಿಯ ಮೇಲೆ, 3636 ಮೀಟರ್ ಎತ್ತರದಲ್ಲಿದೆ. ನ್ಯೂ ಜಲ್‌ಪಾಯ್‌ಗುರಿಯಲ್ಲಿ ರೈಲಿಳಿದು ಮಾನೇಭಂಜಂಗ್ ತಲುಪಿದರೆ ಅಲ್ಲಿಂದ ನಡಿಗೆ. ಹಾದಿಯುದ್ದಕ್ಕೂ ತಂಗುವ ಮನೆಗಳಿವೆ, ಟೆಂಟು ಬೇಡ. ಮೇಲಿನವರೆಗೆ ಜೀಪು ಬರುವುದರಿಂದ ಯಾರಿಗಾದರೂ ಆರೋಗ್ಯ ಕೆಟ್ಟರೆ ಇಳಿಸಲು ದಾರಿಯಿದೆ. ಮೊದಲ ಸಲದವರಿಗೆ ಇದು ದೊಡ್ಡ ಧೈರ್ಯ. ಆಕಾಶ ತಿಳಿಯಾಗಿದ್ದರೆ ಕಾಂಚನಜುಂಗಾ, ಎವರೆಸ್ಟ್, ಲೋತ್ಸೆ, ಮಕಾಲು ನಾಲ್ಕೂ ಕಾಣುತ್ತವೆ. ಈ ಹಾದಿ ಸಾಗುವ ಸಿಂಗಲೀಲಾ ರಾಷ್ಟ್ರೀಯ ಉದ್ಯಾನ ಜೂನ್ ಮಧ್ಯದಿಂದ ಸೆಪ್ಟೆಂಬರ್ ಮಧ್ಯದವರೆಗೆ ಮುಚ್ಚಿರುತ್ತದೆ.

ಹೊರದೇಶಕ್ಕೆ ಮೊದಲು ನೇಪಾಳ, ಅಲ್ಲಿಯ ಅನ್ನಪೂರ್ಣ ಶಿಖರದ ಬುಡದ ಬೇಸ್ ಕ್ಯಾಂಪಿನ ಹಾದಿ. ಭಾರತೀಯರಿಗೆ ವೀಸಾ ಬೇಡ. ಪಾಸ್‌ಪೋರ್ಟ್ ಅಥವಾ ಚುನಾವಣಾ ಆಯೋಗದ ಮತದಾರರ ಗುರುತಿನ ಚೀಟಿ ಸಾಕು. ಹದಿನೈದರಿಂದ ಅರವತ್ತೈದು ವಯಸ್ಸಿನವರಿಗೆ ಆಧಾರ್ ನಡೆಯುವುದಿಲ್ಲ, ಇದನ್ನು ಗಟ್ಟಿಯಾಗಿ ನೆನಪಿಡಿ. ನಮ್ಮ ಕಡೆಯಿಂದ ಅಗ್ಗದ ದಾರಿ ಎಂದರೆ ಸಿಕಂದರಾಬಾದ್‌ನಿಂದ ಗೋರಖ್‌ಪುರಕ್ಕೆ ರೈಲು, ಅಲ್ಲಿಂದ ಸೋನೌಲಿ ಗಡಿ, ಗಡಿ ದಾಟಿ ಪೋಖರಾಕ್ಕೆ ಬಸ್. ನಮ್ಮ ಒಂದು ರೂಪಾಯಿಗೆ ಅಲ್ಲಿಯ 1.60 ರೂಪಾಯಿ ಎಂಬ ದರ ಸ್ಥಿರವಾಗಿದೆ. ನೂರರ ನೋಟು ಒಯ್ಯಿರಿ, ಹಾದಿಗೆ ಬೇಕಾದ ನಗದನ್ನು ಪೋಖರಾದಲ್ಲೇ ತೆಗೆದುಕೊಳ್ಳಿ. ಅನ್ನಪೂರ್ಣ ಸಂರಕ್ಷಣಾ ಪ್ರದೇಶದ ಪರವಾನಗಿಗೆ ಭಾರತವೂ ಸೇರಿದ ಸಾರ್ಕ್ ಒಕ್ಕೂಟದ ದೇಶದವರಿಗೆ ಕಡಿಮೆ ಶುಲ್ಕವಿದೆ, ಗುರುತಿನ ಚೀಟಿ ತೋರಿಸಿ ಕೇಳಿ. 2023ರ ಏಪ್ರಿಲ್‌ನಿಂದ ಹೊರದೇಶದ ಚಾರಣಿಗರಿಗೆ ಗೈಡ್ ಜೊತೆಗಿರಬೇಕೆಂಬ ನಿಯಮವೂ ಬಂದಿದೆ.

ಅನ್ನಪೂರ್ಣ ಬೇಸ್ ಕ್ಯಾಂಪಿನ ಎತ್ತರ 4130 ಮೀಟರ್. ನಮ್ಮ ಕಲಬುರಗಿ ಸುಮಾರು 450. ಈ ಅಂತರವನ್ನು ದೇಹ ಮೆಲ್ಲಗೆ ಮಾತ್ರ ಒಪ್ಪುತ್ತದೆ. ಮೂರು ಸಾವಿರ ಮೀಟರ್ ದಾಟಿದ ಮೇಲೆ ಹಿಂದಿನ ರಾತ್ರಿ ಮಲಗಿದ ಜಾಗಕ್ಕಿಂತ ಐನೂರು ಮೀಟರ್‌ಗಿಂತ ಹೆಚ್ಚು ಮೇಲೆ ಮಲಗಬಾರದು, ಮೂರು ನಾಲ್ಕು ದಿನಕ್ಕೊಮ್ಮೆ ಒಂದು ದಿನ ಅಲ್ಲೇ ಉಳಿಯಬೇಕು. ಅನೇಕರು 3230 ಮೀಟರಿನ ದೇವರಾಲಿಯಿಂದ ಒಂದೇ ದಿನಕ್ಕೆ ಬೇಸ್ ಕ್ಯಾಂಪ್ ಸೇರುತ್ತಾರೆ, ಅಂದರೆ ಒಂಬೈನೂರು ಮೀಟರ್. ನೀವು ನಡುವಿನ ಮಚ್ಛಾಪುಚ್ಛ್ರೇ ಬೇಸ್ ಕ್ಯಾಂಪಿನಲ್ಲಿ, 3700 ಮೀಟರಿನಲ್ಲಿ, ಒಂದು ರಾತ್ರಿ ಮಲಗಿ. ದೇವರಾಲಿಯ ಆಸುಪಾಸು ವಸಂತದಲ್ಲಿ ಹಿಮ ಜಾರುವ ಜಾಗ. ಬಿಸಿಲೇರುವ ಮುಂಚೆ ದಾಟಿ, ಸ್ಥಳೀಯರು ನಿಲ್ಲಿ ಎಂದರೆ ನಿಲ್ಲಿ. ಛೋಮ್ರೋಂಗ್ ಹಳ್ಳಿ ದಾಟಿದ ಮೇಲೆ ಆ ಕಣಿವೆಯಲ್ಲಿ ಮಾಂಸದ ಅಡುಗೆ ಮಾಡುವುದಿಲ್ಲ, ಸಸ್ಯಾಹಾರಿಗಳಿಗೆ ಚಿಂತೆಯಿಲ್ಲ. ದಾಲ್ ಭಾತ್ ಕೇಳಿ, ಎರಡನೆಯ ಸಲ ಬಡಿಸುತ್ತಾರೆ.

ತಲೆನೋವು, ವಾಕರಿಕೆ ಬಂದರೆ ಅಲ್ಲಿಂದ ಮೇಲೆ ಹೋಗಬೇಡಿ. ಸುಮ್ಮನೆ ಕೂತಾಗಲೂ ಏದುಸಿರು ಬಂದರೆ, ನೇರ ಗೆರೆಯ ಮೇಲೆ ನಡೆಯಲಾಗದೆ ತೂರಾಡಿದರೆ, ರಾತ್ರಿಯಾದರೂ ಸರಿ ಕೆಳಗಿಳಿಸಬೇಕು. ಗುಂಪಿನ ಮರ್ಯಾದೆ, ಕಟ್ಟಿದ ಹಣ, ಮರುದಿನದ ನೋಟ ಯಾವುದೂ ಅದಕ್ಕೆ ಅಡ್ಡ ಬರಬಾರದು. ಎತ್ತರದ ಕಾಯಿಲೆಗೆ ಕೊಡುವ ಅಸಿಟಜೋಲಮೈಡ್ ಗುಳಿಗೆಯನ್ನು ವೈದ್ಯರನ್ನು ಕೇಳಿಯೇ ತೆಗೆದುಕೊಳ್ಳಿ, ಸಲ್ಫಾ ಔಷಧ ಒಗ್ಗದವರು ಅದನ್ನು ಮೊದಲೇ ಹೇಳಿ. ಪ್ರಯಾಣ ವಿಮೆಯಲ್ಲಿ ಎಷ್ಟು ಎತ್ತರದವರೆಗೆ ರಕ್ಷಣೆ ಎಂಬ ಸಾಲನ್ನು ಓದದೆ ಹಣ ಕಟ್ಟಬೇಡಿ.

ಹೆಣ್ಣುಮಕ್ಕಳಿಗೆ: ಎತ್ತರ ಮತ್ತು ದಣಿವಿನಿಂದ ಮುಟ್ಟು ಹಿಂದುಮುಂದಾಗುವುದುಂಟು, ಲೆಕ್ಕದ ದಿನಗಳಲ್ಲಿಲ್ಲದಿದ್ದರೂ ಪ್ಯಾಡ್ ಇಟ್ಟುಕೊಳ್ಳಿ, ಬಳಸಿದ್ದನ್ನು ಮುಚ್ಚುವ ಚೀಲದಲ್ಲಿ ಹಾಕಿ ಕೆಳಗೆ ತನ್ನಿ. ಹೊರಗೆ ಹೋಗಬೇಕಾಗುತ್ತದೆ ಎಂದು ನೀರು ಕುಡಿಯುವುದನ್ನು ಕಡಿಮೆ ಮಾಡುವ ಅಭ್ಯಾಸ ನಮ್ಮಲ್ಲಿ ಬಹಳ ಜನರಿಗಿದೆ. ಬೆಟ್ಟದಲ್ಲಿ ಅದು ಅಪಾಯ. ದಿನಕ್ಕೆ ಮೂರು ಲೀಟರ್ ಕುಡಿಯಿರಿ, ಜೊತೆಗಾತಿಗೆ ಸಂಕೋಚವಿಲ್ಲದೆ ಕಾವಲು ನಿಲ್ಲಲು ಹೇಳಿ. ನಾನು ವೈನಿಯ ಜೊತೆಗೇ ಹೋಗುವುದಕ್ಕೆ ಇದೂ ಒಂದು ಕಾರಣ.

ಯುರೋಪಿನ ಹಾದಿಗಳಿಗೆ ಕಾಲಿಗಿಂತ ಕಾಗದ ಹೆಚ್ಚು ಬೇಕು. ಫ್ರಾನ್ಸ್, ಇಟಲಿ, ಸ್ವಿಟ್ಜರ್ಲೆಂಡ್ ಮೂರರಲ್ಲೂ ಹಾಯುವ ಮೋಂ ಬ್ಲಾಂ ಪರ್ವತದ ಸುತ್ತುಹಾದಿ ಸುಮಾರು 170 ಕಿಲೊಮೀಟರ್. ತಂಗುಮನೆಗಳನ್ನು ತಿಂಗಳುಗಳ ಮೊದಲೇ ಕಾಯ್ದಿರಿಸಬೇಕು. ಈ ಮೂರೂ ದೇಶಗಳಿಗೆ ಒಟ್ಟಾಗಿ ನಡೆಯುವ ಷೆಂಗೆನ್ ವೀಸಾಕ್ಕೆ ಕನಿಷ್ಠ 30,000 ಯೂರೊ ವೈದ್ಯಕೀಯ ವಿಮೆ ಕಡ್ಡಾಯ, ಆರು ತಿಂಗಳ ಮೊದಲಿನಿಂದಲೇ ಅರ್ಜಿ ಹಾಕಬಹುದು. ವಿಮಾನದಲ್ಲಿ ಪವರ್ ಬ್ಯಾಂಕ್ ಕೈಚೀಲದಲ್ಲೇ ಇರಬೇಕು.

ಮನೆಗೆ ಬಂದ ಮೇಲೆ ಎಲ್ಲವನ್ನೂ ನೆರಳಿನಲ್ಲಿ ಎರಡು ದಿನ ಒಣಗಿಸಿ. ಗರಿ ತುಂಬಿದ ಜಾಕೆಟ್, ಮಲಗುವ ಚೀಲವನ್ನು ಅದುಮಿ ಕಟ್ಟಿಡದೆ ಸಡಿಲವಾಗಿ ತೂಗುಹಾಕಿ. ಬೂಟನ್ನು ತಗಡಿನ ಛಾವಣಿಯ ಕೋಣೆಯಲ್ಲಿ ಇಡಬೇಡಿ, ನಮ್ಮ ಬೇಸಿಗೆಗೆ ಅಟ್ಟೆಯ ಅಂಟು ಬಿಡುತ್ತದೆ. ಮುಂದಿನ ಪ್ರಯಾಣಕ್ಕೆ ಒಂದು ತಿಂಗಳಿರುವಾಗ ಅದನ್ನು ತೆಗೆದು ಹತ್ತು ಕಿಲೊಮೀಟರ್ ನಡೆದು ನೋಡಿ. ಅಟ್ಟೆ ಬಾಯಿಬಿಟ್ಟಿದ್ದರೆ ಹೊಸದನ್ನು ಕೊಂಡು ಕಾಲಿಗೆ ಒಗ್ಗಿಸಿಕೊಳ್ಳಲು ಇನ್ನೂ ಸಮಯವಿರುತ್ತದೆ.