ಎಸ್‌ಎಟಿ ವ್ಯಾಕರಣ: ಕಿವಿಯನ್ನು ನಂಬಬೇಡಿ, ವಾಕ್ಯವನ್ನು ಬಿಡಿಸಿ ನೋಡಿ

ಅಮೆರಿಕದ ಕಾಲೇಜುಗಳಿಗೆ ಸೇರಲು ಬರೆಯುವ ಎಸ್‌ಎಟಿ ಪರೀಕ್ಷೆಯ ವ್ಯಾಕರಣ ಪ್ರಶ್ನೆಗಳಲ್ಲಿ ಇಂಗ್ಲಿಷ್ ಸಲೀಸಾಗಿ ಮಾತಾಡುವವರೇ ಎಷ್ಟೋ ಸಲ ಎಡವುತ್ತಾರೆ. ಮನಸ್ಸಲ್ಲೇ ಓದಿಕೊಂಡು, ಕಿವಿಗೆ ಸರಿ ಅನ್ನಿಸಿದ ಆಯ್ಕೆಯನ್ನು ಒತ್ತಿಬಿಡುತ್ತಾರೆ. ಪ್ರಶ್ನೆ ತೆಗೆಯುವವರಿಗೂ ಇದು ಚೆನ್ನಾಗಿ ಗೊತ್ತು, ಅಲ್ವಾ?

ರೀಡಿಂಗ್ ಅಂಡ್ ರೈಟಿಂಗ್ ವಿಭಾಗದಲ್ಲಿ 54 ಪ್ರಶ್ನೆ, 64 ನಿಮಿಷ; ಅದನ್ನು ಮಾಡ್ಯೂಲ್ ಅನ್ನುವ ಎರಡು ಸಮ ಭಾಗ ಮಾಡಿರುತ್ತಾರೆ. ಆ 54ರಲ್ಲಿ 11ರಿಂದ 15 ನೇರವಾಗಿ ವ್ಯಾಕರಣದ್ದು. ಪುಟ್ಟ ಪ್ಯಾರಾ, ಅದರಲ್ಲೊಂದು ಖಾಲಿ ಜಾಗ, ಕೆಳಗೆ ನಾಲ್ಕು ಆಯ್ಕೆ. ಕೇಳುವ ನಿಯಮಗಳು ಸ್ವಲ್ಪವೇ, ಮತ್ತೆ ಮತ್ತೆ ಅವೇ ಬರುತ್ತವೆ. ಅದಕ್ಕೇ ಅಭ್ಯಾಸದಿಂದ ಬೇಗ ಅಂಕ ಏರುವ ಭಾಗ ಇದು.

ಮೊದಲು ಆಯ್ಕೆಗಳ ಮೇಲೆ ಕಣ್ಣಾಡಿಸಿ. ಪದಗಳೆಲ್ಲ ಅವೇ ಇದ್ದು ಕಾಮಾ, ಸೆಮಿಕೋಲನ್ ಮಾತ್ರ ಬದಲಾಗಿದ್ದರೆ, ವಾಕ್ಯ ಎಲ್ಲಿ ಮುಗಿಯುತ್ತದೆ ಅಂತ ಕೇಳುತ್ತಿದ್ದಾರೆ. ಕ್ರಿಯಾಪದ ಬದಲಾಗಿದ್ದರೆ ಕರ್ತೃ ಯಾವುದು, ಕಾಲ ಯಾವುದು ಅನ್ನುವುದೇ ಪ್ರಶ್ನೆ.

ಜಾಸ್ತಿ ಜನ ಕಳೆದುಕೊಳ್ಳುವುದು ವಿರಾಮ ಚಿಹ್ನೆಗಳಲ್ಲಿ. ಈ ವಾಕ್ಯ ನೋಡಿ: 'ದಿ ಬ್ರಿಡ್ಜ್ ವಾಸ್ ಕ್ಲೋಸ್ಡ್, ಹೌವೆವರ್, ದಿ ಫೆರಿ ಕೆಪ್ಟ್ ರನ್ನಿಂಗ್.' ಓದಲು ಹಾಯಾಗಿದೆ, ಆದರೆ ತಪ್ಪು. ಸೇತುವೆ ಮುಚ್ಚಿತ್ತು ಅನ್ನುವುದು ಒಂದು ಪೂರ್ತಿ ವಾಕ್ಯ, ದೋಣಿ ಓಡುತ್ತಲೇ ಇತ್ತು ಅನ್ನುವುದು ಇನ್ನೊಂದು. ಎರಡು ಪೂರ್ತಿ ವಾಕ್ಯಗಳನ್ನು ಬರೀ ಕಾಮಾ ಹಿಡಿದಿಡಲಾರದು. ಫುಲ್‌ಸ್ಟಾಪ್ ಬೇಕು, ಇಲ್ಲವೇ ಸೆಮಿಕೋಲನ್ ಬೇಕು, ಇಲ್ಲವೇ ಕಾಮಾ ಜೊತೆಗೆ 'ಅಂಡ್', 'ಬಟ್' ಥರದ ಪದ ಬೇಕು. 'ಹೌವೆವರ್'ಗೆ ಆ ಶಕ್ತಿ ಇಲ್ಲ. ಹಾಗಾಗಿ 'ಕ್ಲೋಸ್ಡ್' ಆದಮೇಲೆ ಸೆಮಿಕೋಲನ್. ಇನ್ನೂ ಒಂದು ಸೂಕ್ಷ್ಮ ಇದೆ. ಸೇತುವೆ ದಿನವಿಡೀ ತೆರೆದಿರುತ್ತದೆ ಅಂತ ಹಿಂದಿನ ಸಾಲಿನಲ್ಲಿ ಹೇಳಿದ್ದು, ಅದಕ್ಕೆ ವಿರುದ್ಧವಾಗಿ ಸೇತುವೆ ಮುಚ್ಚಿತ್ತು ಅಂತ ಹೇಳುತ್ತಿದ್ದರೆ, 'ಹೌವೆವರ್' ಮೊದಲ ವಾಕ್ಯಕ್ಕೇ ಸೇರಿ ಸೆಮಿಕೋಲನ್ ಅದರ ನಂತರ ಬರುತ್ತದೆ. ಅರ್ಥ ನೋಡದೆ ಸುಮ್ನೆ ಚಿಹ್ನೆ ಹಾಕಿದರೆ ಇಲ್ಲಿ ಅಂಕ ಹೋಯಿತು ಅಂತಲೇ ಲೆಕ್ಕ.

ಕೋಲನ್ ಬಂದರೆ ಅದರ ಎಡಗಡೆ ಇರುವುದು ಪೂರ್ತಿ ವಾಕ್ಯವಾಗಿರಲೇಬೇಕು. ಬಲಗಡೆ ಏನಾದರೂ ಇರಲಿ.

ಕ್ರಿಯಾಪದದ ಪ್ರಶ್ನೆಯಲ್ಲಿ ನಡುವಿನ ತುಂಡನ್ನು ಅಡ್ಡ ಗೀಟು ಹಾಕಿ ತೆಗೆಯಿರಿ. 'ದಿ ಬಾಕ್ಸ್ ಆಫ್ ಓಲ್ಡ್ ಲೆಟರ್ಸ್' ಆದಮೇಲೆ 'ವಾಸ್' ಬರಬೇಕೋ 'ವರ್' ಬರಬೇಕೋ? ಪಕ್ಕದಲ್ಲೇ 'ಲೆಟರ್ಸ್' ಇರುವುದರಿಂದ ಕಿವಿ 'ವರ್' ಅನ್ನುತ್ತದೆ. 'ಆಫ್ ಓಲ್ಡ್ ಲೆಟರ್ಸ್' ತೆಗೆದರೆ ಉಳಿಯುವುದು ಒಂದೇ ಬಾಕ್ಸ್, ಹಾಗಾಗಿ 'ವಾಸ್'.

ಇನ್ನೊಂದು ಬಲೆ: 'ವಾಕಿಂಗ್ ಅಲಾಂಗ್ ದಿ ಶೋರ್, ಎ ಶೆಲ್ ಕಾಟ್ ಹರ್ ಐ.' ನಡೆಯುತ್ತಿದ್ದದ್ದು ಯಾರು? ಈ ವಾಕ್ಯದ ಪ್ರಕಾರ ಚಿಪ್ಪು! ಕಾಮಾ ಆದ ಕೂಡಲೇ ನಡೆದವಳು ಬರಬೇಕು: 'ಶಿ ನೋಟಿಸ್ಡ್ ಎ ಶೆಲ್.'

ಅಭ್ಯಾಸಕ್ಕೆ, ಎಸ್‌ಎಟಿ ನಡೆಸುವ ಕಾಲೇಜ್ ಬೋರ್ಡ್‌ನ ಬ್ಲೂಬುಕ್ ಆ್ಯಪ್‌ನಲ್ಲಿ ಪೂರ್ತಿ ಮಾದರಿ ಪರೀಕ್ಷೆಗಳಿವೆ, ಖಾನ್ ಅಕಾಡೆಮಿಯಲ್ಲಿ ವಿಷಯವಾರು ಪ್ರಶ್ನೆಗಳಿವೆ. ಎರಡೂ ಉಚಿತ. ಆದರೆ ಒಂದೇ ಕೂರಿಕೆಯಲ್ಲಿ ರಾಶಿ ಪ್ರಶ್ನೆ ಬಿಡಿಸಿ ಉತ್ತರ ತಾಳೆ ನೋಡಿ ಎದ್ದು ಹೋಗುವುದನ್ನು ನಾನಂತೂ ಅಭ್ಯಾಸ ಅನ್ನುವುದಿಲ್ಲ. ತಪ್ಪಾದ ಪ್ರತಿ ಪ್ರಶ್ನೆಗೂ ನೋಟ್‌ಬುಕ್‌ನಲ್ಲಿ ಒಂದು ಸಾಲು ಬರೆಯಿರಿ. 'ಉತ್ತರ ಬಿ' ಅಂತಲ್ಲ, 'ಎರಡು ಪೂರ್ತಿ ವಾಕ್ಯದ ನಡುವೆ ಬರೀ ಕಾಮಾ ಒಪ್ಪಿಕೊಂಡೆ' ಅಂತ. ಕೆಲವು ದಿನ ಬರೆದರೆ ನಿಮ್ಮ ತಪ್ಪುಗಳೆಲ್ಲ ಎರಡೋ ಮೂರೋ ಜಾತಿಯವು ಅಂತ ನಿಮಗೇ ಕಾಣಿಸುತ್ತದೆ. ಆಮೇಲೆ ಅವನ್ನಷ್ಟೇ ಹಿಡಿದು ತಿದ್ದಿ.

ಅಂದಹಾಗೆ, ಎಂಬಿಎ ಪ್ರವೇಶದ ಜಿಮ್ಯಾಟ್ ಪರೀಕ್ಷೆಗೆ ಓದುವವರು ಹಳೆ ಪುಸ್ತಕದ ಸೆಂಟೆನ್ಸ್ ಕರೆಕ್ಷನ್ (ವಾಕ್ಯ ತಿದ್ದುವ) ಅಧ್ಯಾಯದಲ್ಲಿ ಸಮಯ ಕಳೆಯಬೇಡಿ. 2023ರ ನವೆಂಬರ್‌ನಲ್ಲಿ ಬಂದ ಹೊಸ ಮಾದರಿಯಲ್ಲಿ ಆ ಪ್ರಶ್ನೆಗಳೇ ಇಲ್ಲ.

ಎಸ್‌ಎಟಿ ಪರೀಕ್ಷೆಯಲ್ಲಿ ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ, ಯಾವುದನ್ನೂ ಖಾಲಿ ಬಿಡಬೇಡಿ. ಅನುಮಾನ ಇರುವುದಕ್ಕೆ ಗುರುತು ಹಾಕಿ ಮುಂದೆ ಹೋಗಿ, ಆದರೆ ಆ ಮಾಡ್ಯೂಲ್‌ನ 32 ನಿಮಿಷದೊಳಗೇ ವಾಪಸ್ ಬನ್ನಿ. ಎರಡನೇ ಮಾಡ್ಯೂಲ್ ಶುರುವಾದ ಮೇಲೆ ಮೊದಲನೆಯದಕ್ಕೆ ಹಿಂತಿರುಗಲು ಆಗುವುದಿಲ್ಲ.