ನಾಳೆಯ ಶುಭಸಂದೇಶ ಶನಿವಾರ ರಾತ್ರಿಯೇ ಓದಿ
ನಮ್ಮ ಧರ್ಮಕೇಂದ್ರದ (ಚರ್ಚಿನ) ಕುಟುಂಬಗಳಿಗೆ ಒಂದು ಸಲಹೆ. ಶನಿವಾರ ಜಪಸರದ ಪ್ರಾರ್ಥನೆ ಮುಗಿದ ಮೇಲೆ, ಭಾನುವಾರದ ಪೂಜೆಯಲ್ಲಿ ಓದುವ ಶುಭಸಂದೇಶವನ್ನು (ಯೇಸುವಿನ ಕುರಿತ ಬೈಬಲ್ ಭಾಗ) ಮಕ್ಕಳಿಂದ ಓದಿಸಿ. ಆಮೇಲೆ ಒಂದೇ ಪ್ರಶ್ನೆ: "ಇದರಲ್ಲಿ ನೀನು ಯಾರು?"

ಬೈಬಲ್‌ನ ಲೂಕ 15ರಲ್ಲಿ ಯೇಸು ಹೇಳಿದ ಇಬ್ಬರು ಮಕ್ಕಳ ಸಾಮತಿ (ನೀತಿಕಥೆ) ನೋಡಿ. ಕಿರಿಯ ಮಗ ತನ್ನ ಪಾಲು ಪಡೆದು ದೂರ ಹೋಗಿ, ಎಲ್ಲ ಕಳೆದು ಮರಳುತ್ತಾನೆ. ಅಪ್ಪ ಅವನಿಗಾಗಿ ಹಬ್ಬದೂಟ ಮಾಡಿಸಿದಾಗ, ಮನೆಯಲ್ಲೇ ದುಡಿದ ಹಿರಿಯ ಮಗನಿಗೆ ಸಿಟ್ಟು. ಪ್ರಬೋಧನೆಗಳಲ್ಲಿ ಹೆಚ್ಚಾಗಿ ಕಿರಿಯವನೇ ಬರುತ್ತಾನೆ. ಚರ್ಚಿನ ಗುರುವಾಗಿ ಮಲೆನಾಡಿನ ಮನೆಗಳಿಗೆ ಹೋದಾಗ ನನಗೆ ಕಾಣುವುದು ಹಿರಿಯವನು. ತಮ್ಮ ಬೆಂಗಳೂರು ಸೇರಿದ. ಇವನು ಅಡಿಕೆ ತೋಟ, ಕೊಳೆರೋಗಕ್ಕೆ ಬೋರ್ಡೊ ಸಿಂಪಡಣೆ, ಅಪ್ಪನ ಆಸ್ಪತ್ರೆ ಎಂದು ಇಲ್ಲೇ ಉಳಿದ. ಕ್ರಿಸ್ಮಸ್‌ಗೆ ತಮ್ಮ ಬಂದರೆ ಕಡುಬು, ಕೋಳಿಸಾರು. ಇವನನ್ನು ಕೇಳುವವರಿಲ್ಲ.

28ನೇ ವಚನದಲ್ಲಿ ಸಿಟ್ಟಾಗಿ ಹೊರಗೇ ನಿಂತವನ ಬಳಿಗೆ ಅಪ್ಪನೇ ಎದ್ದು ಹೋಗುತ್ತಾನೆ. ಮನೆಯ ಹಿರಿಯರೇ, ದಯವಿಟ್ಟು ನೀವೂ ಆ ಮಗನ ಬಳಿಗೆ ಹೋಗಿ. "ನೀನಿದ್ದೆ, ತೋಟ ಉಳಿಯಿತು" ಎಂದು ಎಲ್ಲರೆದುರು ಹೇಳಿ. ಆಸ್ತಿ ಪಾಲಿನ ಮಾತು ಮಾತ್ರ ಆ ರಾತ್ರಿ ಬೇಡ, ಅದಕ್ಕೆ ಬೇರೆ ದಿನ ಇಟ್ಟುಕೊಳ್ಳಿ.