ಅಜ್ಜಿಯ ಟ್ರಂಕಿನಲ್ಲಿ ಹಳೇ ಪದಕ ಸಿಕ್ಕಿತೇ? ಮೊದಲು ತಿರುಗಿಸಿ ನೋಡಿ

ಟ್ರಂಕಿನ ತಳದಲ್ಲಿ, ಹಳೇ ರೇಷ್ಮೆ ಸೀರೆಯ ಮಡಿಕೆಯೊಳಗೆ ಮಂಕಾದ ಕೆಂಪಿನ ಪದಕ ಸಿಕ್ಕಿದೆ. ಅಂಟುವಾಳದ ನೀರಲ್ಲಿ ಹಾಕಿ ಉಜ್ಜಲು ಕೈ ತುರಿಸುತ್ತದೆ ಅಲ್ವಾ? ಬೇಡ. ಹಳೆಯ ಕೆಂಪಿನ ಒಡವೆಯಲ್ಲಿ ಹರಳಿನ ಹಿಂಬದಿ ಹೆಚ್ಚಾಗಿ ಮುಚ್ಚಿರುತ್ತದೆ. ಹೊಳಪಿಗೆಂದು ಒಳಗೆ ತೆಳು ತಗಡು, ಅದರಡಿ ಅರಗು. ನೀರು ಹೊಕ್ಕರೆ ತಗಡು ಕಪ್ಪಾಗಿ ಹರಳೇ ಸತ್ತಂತೆ ಕಾಣುತ್ತದೆ. ಒಣ ಬಟ್ಟೆಯಲ್ಲಿ ಒರೆಸಿ, ಎರಡೂ ಬದಿಯ ಫೋಟೊ ತೆಗೆದಿಡಿ.

ಈಗ ಪದಕ ತಿರುಗಿಸಿ. ಅಕ್ಕಸಾಲಿಗನ ಕೈ ಕಾಣುವುದು ಬೆನ್ನಿನಲ್ಲೇ. ಹತ್ತು ಪಟ್ಟು ತೋರಿಸುವ ಭೂತಗನ್ನಡಿ ಹಿಡಿಯಿರಿ. ಹರಳಿನ ಮನೆಗಳು ಒಂದರಂತೆ ಒಂದಿಲ್ಲ, ತಿರುಪಿನ ಸುತ್ತು ತುಸು ಸೊಟ್ಟ ಅಂದರೆ ಕೈಕೆಲಸ. ಕೈಕೆಲಸ ಎಂದಮಾತ್ರಕ್ಕೆ ಹಳೆಯದೇನಲ್ಲ. ಸವೆತ ನೋಡಿ. ಸರ ಹಾದ ಕೊಂಡಿ, ಎದೆಗೆ ತಾಗುವ ಅಂಚು ನುಣುಪಾಗಿರಬೇಕು. ಏನೂ ತಾಗದ ಸಂದಿಯಲ್ಲೂ ಸವೆದಿದ್ದರೆ ಅನುಮಾನಪಡಿ. ಹೊಸ ಒಡವೆಗೆ 'ಆಂಟಿಕ್ ಫಿನಿಶ್' ಕೊಡುವುದು ಈಗ ಮಾಮೂಲಿ.

ಕೆಂಪಿನೊಳಗೆ ದುಂಡನೆಯ ಗುಳ್ಳೆಗಳಷ್ಟೇ ಕಂಡರೆ ಗಾಜಿರಬಹುದು. ಬಾಗಿದ ಗೆರೆಗಳಿದ್ದರೆ ಬೆಂಕಿಯಲ್ಲಿ ತಯಾರಿಸಿದ ಮಾಣಿಕ್ಯ. ಇದು ಪೇಟೆಗೆ ಧಾರಾಳವಾಗಿ ಬಂದದ್ದು 1902ರಲ್ಲಿ ಫ್ರಾನ್ಸಿನ ವೆರ್ನೂಯಿ ತನ್ನ ವಿಧಾನ ಪ್ರಕಟಿಸಿದ ಮೇಲೆ. ಹರಳನ್ನು ಆಮೇಲೆ ಬದಲಾಯಿಸಿರಲೂಬಹುದು, ಅದು ನೆನಪಿರಲಿ. ಕಾಸಿನ ಸರವಾದರೆ ಕೆಲಸ ಸುಲಭ: ನಾಣ್ಯದ ಮೇಲೆ ಇಸವಿ ಇರುತ್ತದೆ, ಸರ ಅದಕ್ಕಿಂತ ಹಳೆಯದಾಗಲಾರದು. ಅಸಲಿ ಬ್ರಿಟಿಷ್ ಪವನ್ 22 ಕ್ಯಾರಟ್, ತೂಕ ಸುಮಾರು 7.98 ಗ್ರಾಂ.

ಹಳೆಯದೆಲ್ಲ ಅಪರಂಜಿ ಎನ್ನುವುದು ಸುಮ್ನೆ ಮಾತು. 1963ರಲ್ಲಿ ಬಂದ ಚಿನ್ನ ನಿಯಂತ್ರಣ ನಿಯಮದಿಂದಾಗಿ ಕೆಲವು ವರ್ಷ 14 ಕ್ಯಾರಟ್‌ಗಿಂತ ಜಾಸ್ತಿ ಶುದ್ಧತೆಯ ಒಡವೆ ಮಾಡುವಂತಿರಲಿಲ್ಲ. ಇನ್ನು ಹಾಲ್‌ಮಾರ್ಕ್ ಇಲ್ಲವೆಂದು ಗಾಬರಿಯಾಗಬೇಡಿ, ನಮ್ಮಲ್ಲಿ ಚಿನ್ನಕ್ಕೆ ಅದು ಬಂದದ್ದೇ 2000ದಲ್ಲಿ. ಬಿಐಎಸ್ ಮಾನ್ಯತೆ ಪಡೆದ ಪರೀಕ್ಷಾ ಕೇಂದ್ರದಲ್ಲಿ ಎಕ್ಸ್-ರೇ ಯಂತ್ರದಿಂದ ಪರೀಕ್ಷೆ ಮಾಡಿಸಿ. ಅದು ಓದುವುದು ಮೇಲ್ಮೈಯನ್ನಷ್ಟೇ. ಗಿಲೀಟಿನ ಅನುಮಾನವಿದ್ದರೆ ಒರೆಗಲ್ಲಿಗೂ ಹಚ್ಚಿಸಿ, ಆದರೆ ಕಾಣದ ಜಾಗದಲ್ಲಿ.

ಬೆಲೆ ಕೇಳುವಾಗ ಕೊಳ್ಳುವ ಅಂಗಡಿಗೇ ಮೊದಲು ಹೋಗಬೇಡಿ. ನಮ್ಮ ಮನೆಯ ಒಂದು ಜೊತೆ ಬೆಂಡೋಲೆಯಲ್ಲಿ ಹಾಗೇ ಆಯಿತು. ಅರಗು, ಹರಳು ಎಲ್ಲ ಕಳೆದು ಬರೀ ಚಿನ್ನದ ತೂಕಕ್ಕೆ ದುಡ್ಡು ಕೊಟ್ಟರು. ಕರಗಿಸುವ ಬೆಲೆ ಬೇರೆ, ಕೆಲಸಗಾರಿಕೆಯ ಬೆಲೆ ಬೇರೆ. ಹರಳು ಪರೀಕ್ಷಕರೊಬ್ಬರಿಂದ ಬರವಣಿಗೆಯಲ್ಲಿ ವರದಿ ಪಡೆದು, ಮೂರು ಕಡೆ ವಿಚಾರಿಸಿ.

ಪದಕ ಸಿಕ್ಕಿದ್ದು ಟ್ರಂಕಿನಲ್ಲಲ್ಲ, ಪಾಯ ತೋಡುವಾಗ ಅಥವಾ ಹಳೇ ಗೋಡೆ ಒಡೆಯುವಾಗ ಎಂದಾದರೆ ಈ ಯಾವುದನ್ನೂ ಮಾಡಬೇಡಿ. ಅದು ನಿಧಿಯಾಗಬಹುದು. ಕರ್ನಾಟಕ ನಿಧಿ ಕಾಯ್ದೆ, 1962ರ ಪ್ರಕಾರ ಜಿಲ್ಲಾಧಿಕಾರಿಗೆ ತಿಳಿಸಬೇಕು.